ಪಾಪೆ ನೋಡಿದೆ ಸರಿ, ಉಸಿರನ್ನೂ ನೋಡು

ಚಿ. ಪಲ್ಲವಿಗೆ ದೊಡ್ಡಮ್ಮನ ಆಶೀರ್ವಾದಗಳು.

ಪತ್ರ ಕೈಸೇರಿತು. ಪರೀಕ್ಷೆ, ಪಿಜಿ ಊಟ, ಅಪ್ಪನ ಜೊತೆ ಆದ ಮಾತು, ಎಲ್ಲಾ ಓದಿದೆ. ಅಪ್ಪನ ವಿಷಯ ನಾನು ಹೊಸದಾಗಿ ಹೇಳುವುದೇನಿದೆ, ಮನೆಯವರಿಗೆಲ್ಲ ಗೊತ್ತಿರುವುದೇ. ಆದರೆ ನಿನ್ನ ರೂಮ್‌ಮೇಟ್ ಬಗ್ಗೆ ಕೊನೆಯಲ್ಲಿ ಬರೆದ ನಾಲ್ಕು ಸಾಲು ನಿನ್ನೆಯಿಂದ ನನ್ನನ್ನು ಕೂರಲೂ ಬಿಟ್ಟಿಲ್ಲ, ನಿಲ್ಲಲೂ ಬಿಟ್ಟಿಲ್ಲ.

ಮಬ್ಬು ಬೆಳಕಲ್ಲೂ ಅವಳ ಕಣ್ಣಿನ ಪಾಪೆ ಗುಂಡುಸೂಜಿ ತಲೆಯಷ್ಟೇ ಇತ್ತು ಅಂತ ಬರೆದಿದ್ದೀಯ. ಬೆನ್ನುನೋವಿನ ಮಾತ್ರೆ ಅಂತಾಳೆ, ಸ್ಟ್ರಿಪ್ ತೋರಿಸಲ್ಲ ಅಂತಲೂ ಬರೆದಿದ್ದೀಯ. ಡ್ರಗ್ಸ್ ತಗೊಂಡರೆ ಪಾಪೆ ದೊಡ್ಡದಾಗುತ್ತೆ, ಇವಳದು ಚಿಕ್ಕದು, ಹಾಗಾದ್ರೆ ಭಯ ಇಲ್ಲ ಅಲ್ವಾ ಅಂತ ಕೇಳಿದ್ದೀಯ. ಅದರ ಕೆಳಗೇ, 'ಮೊದಲೆಲ್ಲ ರಾತ್ರಿ ಎದ್ದೇ ಇರ್ತಿದ್ಲು, ಈಗ ಗೊರಕೆ ಹೊಡೆದು ಮಲಗ್ತಾಳೆ ಪಾಪ' ಅಂತ ಒಂದು ಸಾಲು. ನನಗೆ ಭಯ ಆ ಗೊರಕೆಯದು.

ಪಾಪೆಯ ವಿಷಯ ಮೊದಲು ಹೇಳಿಬಿಡುತ್ತೇನೆ. ಪಾಪೆ ಅಂದರೆ ಬೆಳಕು ಒಳಗೆ ಹೋಗುವ ತೂತು ಅಷ್ಟೆ. ಅದರ ಸುತ್ತ ಎರಡು ಸ್ನಾಯು. ಅಜ್ಜಿಯ ಎಲೆಅಡಿಕೆ ಸಂಚಿಯ ದಾರ ಎಳೆದರೆ ಬಾಯಿ ಮುಚ್ಚುತ್ತಿತ್ತಲ್ಲ, ಒಂದು ಸ್ನಾಯು ಹಾಗೆ ಸುತ್ತಲಿಂದ ಬಿಗಿಯುತ್ತದೆ. ಇನ್ನೊಂದು ಅಂಚಿನ ಕಡೆಗೆ ಎಳೆದು ಅಗಲ ಮಾಡುತ್ತದೆ. ಒಳ್ಳೆ ಬೆಳಕಲ್ಲಿ 2ರಿಂದ 4 ಮಿಲಿಮೀಟರ್, ಕತ್ತಲಲ್ಲಿ 4ರಿಂದ 8. ಭಯ, ಸಿಟ್ಟು ಬಂದಾಗ ಮೈಯಲ್ಲಿ ನಾರ್‌ಅಡ್ರಿನಾಲಿನ್ ಅನ್ನುವ ರಾಸಾಯನಿಕ ಜಾಸ್ತಿಯಾಗಿ ಪಾಪೆ ಅಗಲವಾಗುತ್ತದೆ. ಕೊಕೇನ್, ಎಂಡಿಎಂಎ ತಗೊಂಡವರಲ್ಲಿ ಯಾವ ಭಯವೂ ಇಲ್ಲದೆ ಅದೇ ಆಗುತ್ತದೆ. ಎಲ್‌ಎಸ್‌ಡಿ ಸೆರೊಟೊನಿನ್ ಅನ್ನುವ ಇನ್ನೊಂದು ರಾಸಾಯನಿಕದ ಮೂಲಕ ಅಲ್ಲಿಗೇ ಮುಟ್ಟುತ್ತದೆ. ನಮ್ಮ ಬೇಲಿಯ ದತ್ತೂರಿಯ ದಾರಿ ಬೇರೆ. ಅದರಲ್ಲಿರುವ ಅಟ್ರೋಪಿನ್ ಬಿಗಿಯುವ ಸ್ನಾಯುವಿಗೆ ಬರುವ ಸಂದೇಶವನ್ನೇ ತಡೆಯುತ್ತದೆ, ಟಾರ್ಚ್ ಬಿಟ್ಟರೂ ಪಾಪೆ ಅಲುಗುವುದಿಲ್ಲ. ಗಾಂಜಾದಲ್ಲಿ ಕಣ್ಣು ಕೆಂಪಾಗುತ್ತದೆ, ಪಾಪೆ ನೋಡಿ ಏನೂ ಹೇಳಲು ಆಗುವುದಿಲ್ಲ.

ಅಫೀಮಿನ ಜಾತಿ ಇದಕ್ಕೆ ಪೂರ್ತಿ ಉಲ್ಟಾ. ಹೆರಾಯಿನ್, ಮಾರ್ಫಿನ್, ಟಪೆಂಟಡಾಲ್‌ನಂಥ ನೋವಿನ ಮಾತ್ರೆ, ಎಲ್ಲವೂ ಒಂದೇ ಕುಲ. ಪಾಪೆ ಬಿಗಿಯುವ ನರ ಹೊರಡುವುದು ಮಿದುಳ ಕಾಂಡದಲ್ಲಿರುವ ಎಡಿಂಗರ್-ವೆಸ್ಟ್‌ಫಾಲ್ ನ್ಯೂಕ್ಲಿಯಸ್ ಅನ್ನುವ ನರಕೋಶಗಳ ಗುಂಪಿನಿಂದ. ನರ್ಸಿಂಗ್ ಪರೀಕ್ಷೆಗೆ ಬಾಯಿಪಾಠ ಮಾಡಿದ ಹೆಸರು, ಇನ್ನೂ ಮರೆತಿಲ್ಲ ನೋಡು. ಅದಕ್ಕೆ ಸದಾ ಒಂದು ಕಡಿವಾಣ ಇರುತ್ತದೆ. ಅಫೀಮು ಆ ಕಡಿವಾಣ ಬಿಡಿಸುತ್ತದೆ, ಪಾಪೆ ಕುಗ್ಗಿ ಹೋಗುತ್ತದೆ. ಅದೇ ಮಿದುಳ ಕಾಂಡದಲ್ಲಿ ಇನ್ನೂ ಕೆಳಗೆ ಉಸಿರಾಟ ನಡೆಸುವ ಜಾಗ ಇದೆ. ಅದನ್ನೂ ಇದೇ ಔಷಧಿ ಮಂಕು ಮಾಡುತ್ತದೆ. ಉಸಿರು ಕಮ್ಮಿಯಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದರೆ ನಮಗೆ ನಿದ್ದೆಯಲ್ಲೂ ಉಸಿರು ಜೋರಾಗುತ್ತದೆ. ಅಫೀಮು ಕುಡಿದ ಮಿದುಳಿಗೆ ಆ ಎಚ್ಚರ ಇರುವುದಿಲ್ಲ. ನಾಲಿಗೆ, ಗಂಟಲು ಸಡಿಲವಾಗಿ ಬಿದ್ದಿರುತ್ತವೆ. ಗೊರ ಗೊರ ಸದ್ದು ಬರುತ್ತದೆ. ಪಕ್ಕದಲ್ಲಿದ್ದವರು ಒಳ್ಳೆ ನಿದ್ದೆ ಅಂದುಕೊಳ್ಳುತ್ತಾರೆ. ಅರ್ಥವಾಯಿತಾ ಪುಟ್ಟಿ, ನನಗೆ ಯಾಕೆ ನಿದ್ದೆ ಬರಲಿಲ್ಲ ಅಂತ?

ನಾನು ತಾಲೂಕು ಆಸ್ಪತ್ರೆಯಲ್ಲಿದ್ದಾಗ ಚಿಕ್ಕ ಪಾಪೆ ಅಂದರೆ ನಮಗೆ ಮೊದಲು ನೆನಪಾಗುತ್ತಿದ್ದುದು ಹೊಲಕ್ಕೆ ಹೊಡೆಯುವ ಕ್ರಿಮಿನಾಶಕ. ಕುಡಿದವರನ್ನು ಟ್ರ್ಯಾಕ್ಟರ್‌ನಲ್ಲಿ ಹಾಕಿಕೊಂಡು ಬರುತ್ತಿದ್ದರು. ಬಾಯಲ್ಲಿ ನೊರೆ, ಮೈಯೆಲ್ಲ ಬೆವರು, ಪಾಪೆ ಚುಕ್ಕಿ. ಅಟ್ರೋಪಿನ್ ಮೇಲೆ ಅಟ್ರೋಪಿನ್ ಕೊಡುತ್ತಿದ್ದೆವು. ದತ್ತೂರಿಯಲ್ಲಿ ವಿಷವಾಗಿರುವುದು ಅಲ್ಲಿ ಜೀವ ಉಳಿಸುತ್ತಿತ್ತು. ಪಾಪೆ ಅಗಲವಾಯಿತು ಅಂತ ನಾವು ಹುಡುಗಿಯರು ಖುಷಿಪಟ್ಟರೆ ಡಾಕ್ಟರು ಬೈಯುತ್ತಿದ್ದರು: ಕಣ್ಣು ಬಿಡಿ, ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿ, ಒಳಗಿನ ನೀರಿನ ಸದ್ದು ಹೋಯಿತಾ ಅಂತ. ಆ ಮಾತು ನನ್ನ ಜೊತೆ ಕೊನೆವರೆಗೂ ಬಂತು.

ಒಬ್ಬ ಹುಡುಗನನ್ನು ಬೆಳಗಿನ ಜಾವ ತಂದರು. ಕ್ರಿಮಿನಾಶಕದ ವಾಸನೆ ಇಲ್ಲ, ನೊರೆ ಇಲ್ಲ. ಮೊಣಕೈ ಒಳಗೆ ಸೂಜಿ ಚುಚ್ಚಿದ ಗುರುತು. ತುಟಿ ನೀಲಿ. ಅವನ ತಾಯಿ ಸೆರಗು ಬಾಯಿಗೊತ್ತಿಕೊಂಡು ಹೇಳಿದ್ದು ಒಂದೇ: 'ರಾತ್ರಿಯೆಲ್ಲ ಗೊರಕೆ ಹೊಡೀತಿದ್ನವ್ವಾ, ಮಲಗ್ಲಿ ಅಂತ ಬಿಟ್ಟೆ.' ಆ ಹುಡುಗ ಉಳಿಯಲಿಲ್ಲ. ಆ ತಾಯಿಯ ಹತ್ತಿರ ಕೂತು ಎರಡು ಮಾತಾಡಬೇಕಿತ್ತು. ವಾರ್ಡ್ ತುಂಬಿತ್ತು, ಆಗಲಿಲ್ಲ. ಮುಂದೆ ಅವರ ಊರಿನ ಕಡೆ ಜಾತ್ರೆಗೆ ಹೋದಾಗಲೂ ಮನೆ ಹುಡುಕಿಕೊಂಡು ಹೋಗುವ ಧೈರ್ಯ ಬರಲಿಲ್ಲ. ಅದೊಂದು ಕೊರಗು ಹಾಗೇ ಉಳಿದಿದೆ. ನಿನ್ನ ಪತ್ರದಲ್ಲಿ ಅದೇ ಮಾತು ಓದಿದ ಹಾಗಾಯಿತು.

ನಿನ್ನ ಗೆಳತಿ ತಗೊಳ್ಳುತ್ತಿರುವುದು ಅದೇ ಅಂತ ನಾನು ಹೇಳುತ್ತಿಲ್ಲ. ಗ್ಲಾಕೋಮಾ ಅನ್ನುವ ಕಣ್ಣಿನ ಕಾಯಿಲೆಗೆ ಹಾಕುವ ಪೈಲೋಕಾರ್ಪಿನ್ ಹನಿಯಿಂದಲೂ ಪಾಪೆ ಚಿಕ್ಕದಾಗುತ್ತದೆ. ವಯಸ್ಸಾದ ನಮ್ಮಂಥವರದು ತಾನಾಗೇ ಚಿಕ್ಕದು. ಬರೀ ಕಣ್ಣು ನೋಡಿ ಯಾರ ಮೇಲೂ ಅಪವಾದ ಹೊರಿಸಬೇಡ. ಆದರೆ ಪಾಪೆ ದೊಡ್ಡದಾದ ದಿನ ಸಮಾಧಾನವನ್ನೂ ಪಡಬೇಡ. ಅಭ್ಯಾಸವಾದವರಿಗೆ ಮಾತ್ರೆ ಸಿಗದಿದ್ದಾಗಲೂ ಪಾಪೆ ಅರಳುತ್ತದೆ. ಜೊತೆಗೆ ಆಕಳಿಕೆ, ಮೂಗು ಸೋರುವುದು, ಮೈಯೆಲ್ಲ ಗುಳ್ಳೆ ಎದ್ದ ಹಾಗೆ ರೋಮಾಂಚನ. ಉಸಿರಿಲ್ಲದೆ ಮಿದುಳು ತೀರಾ ಸೊರಗಿದಾಗಲೂ ಅರಳುತ್ತದೆ. ಇನ್ನೊಂದು. ಈ ಮಾತ್ರೆ ಅಭ್ಯಾಸವಾದಷ್ಟೂ ಜಾಸ್ತಿ ಬೇಕಾಗುತ್ತದೆ. ನಡುವೆ ಕೆಲವು ದಿನ ಬಿಟ್ಟು, ಮತ್ತೆ ಹಳೇ ಲೆಕ್ಕದಲ್ಲೇ ತಗೊಂಡರೆ ಮೈ ತಡೆಯುವುದಿಲ್ಲ. ಊರಿಗೆ ಹೋಗಿ ಬಂದ ವಾರ ಅವಳ ಮೇಲೆ ಸ್ವಲ್ಪ ನಿಗಾ ಇಡು. ಮದ್ಯ, ನಿದ್ದೆ ಮಾತ್ರೆ ಜೊತೆಗೆ ಸೇರಿದರೆ ಇನ್ನೂ ಕೆಟ್ಟದ್ದು.

ರಾತ್ರಿ ಗೊರಕೆ ಕೇಳಿದರೆ ಅವಳ ಎದೆ ನೋಡು. ದೊಡ್ಡವರ ಉಸಿರು ನಿಮಿಷಕ್ಕೆ 12ರಿಂದ 20 ಇರಬೇಕು. ತಡೆದು ತಡೆದು ಬರುತ್ತಿದ್ದರೆ, ತುಟಿ ಉಗುರು ನೀಲಿಯಾದರೆ, ಹೆಸರು ಕೂಗಿ ಭುಜ ಅಲುಗಿಸಿದರೂ ಏಳದಿದ್ದರೆ, ತಕ್ಷಣ 108ಕ್ಕೆ ಫೋನ್ ಮಾಡು. ಏನು ತಗೊಂಡಿದ್ದಾಳೆ ಅಂತ ಗೊತ್ತಿದ್ದಷ್ಟು ಹೇಳಿಬಿಡು. ಉಸಿರಾಡುತ್ತಿದ್ದರೆ ಒಂದು ಮಗ್ಗುಲಿಗೆ ಮಲಗಿಸು. ನಿಂತೇ ಹೋಗಿದ್ದರೆ ಫೋನ್ ಇಡಬೇಡ, ಅವರು ಹೇಳಿದ ಹಾಗೆ ಮಾಡುತ್ತಿರು. ನೀರು, ಕಾಫಿ, ಮಜ್ಜಿಗೆ ಏನೂ ಬಾಯಿಗೆ ಹಾಕಬೇಡ. ಆಸ್ಪತ್ರೆಯಲ್ಲಿ ಅಫೀಮಿನ ಗುಣ ತಡೆಯುವ ನಲಾಕ್ಸೋನ್ ಅಂತ ಇಂಜೆಕ್ಷನ್ ಇದೆ, ಕೊಟ್ಟರೆ ಎದ್ದು ಕೂರುತ್ತಾರೆ. ಕೂತಳು ಅಂತ ಕರೆದುಕೊಂಡು ಬರಬೇಡ. ಅದರ ಗುಣ ಮಾತ್ರೆಗಿಂತ ಬೇಗ ಇಳಿಯಬಹುದು, ಉಸಿರು ಮತ್ತೆ ಕುಸಿಯುತ್ತದೆ.

ಇಷ್ಟೆಲ್ಲ ನಿನ್ನ ತಲೆಮೇಲೆ ಹಾಕುತ್ತಿದ್ದೇನೆ, ನೀನಿನ್ನೂ ಚಿಕ್ಕವಳು. ಬೇಜಾರು ಮಾಡಿಕೊಳ್ಳಬೇಡ. ಹಗಲಲ್ಲಿ, ಅವಳು ಸರಿಯಿದ್ದಾಗ, ಬೈಯದೆ ಕೇಳಿ ನೋಡು. ಪೊಲೀಸ್ ಭಯ ಇದ್ದರೆ ಹೇಳು: ವ್ಯಸನಿ ತಾನಾಗಿ ಸರ್ಕಾರಿ ಆಸ್ಪತ್ರೆಗೆ ಚಿಕಿತ್ಸೆಗೆ ಬಂದರೆ, ಸಣ್ಣ ಪ್ರಮಾಣದ ಡ್ರಗ್ಸ್ ಕೇಸಿನಿಂದ ರಕ್ಷಣೆ ಕೊಡಲು ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆಯಲ್ಲೇ 64ಎ ಅಂತ ಕಲಂ ಇದೆ. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಬೇರೆ ವಿಭಾಗ ಇದೆ. ವ್ಯಸನ ಬಿಡಿಸುವ ಸಹಾಯವಾಣಿ 14446ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲದೆ ಸಲಹೆ ಕೊಡುತ್ತಾರೆ. ಅವಳಿಗೆ ಒಬ್ಬಳೇ ಹೋಗಲು ಹಿಂಜರಿಕೆಯಾದರೆ ನಾನು ಬಸ್ ಹತ್ತಿ ಬರುತ್ತೇನೆ. ಅವಳ ಅಮ್ಮನಿಗೆ ತಿಳಿಸುವ ಮಾತು ಆಮೇಲೆ ಮೂವರೂ ಕೂತು ಯೋಚಿಸೋಣ.

ಇವತ್ತು ರಾತ್ರಿ ನೀನು ಮಲಗುವ ಮುಂಚೆ ಒಂದು ಸಲ ಫೋನ್ ಮಾಡು. ಎಷ್ಟು ಹೊತ್ತಾದರೂ ಪರವಾಗಿಲ್ಲ.

ನಿನ್ನ ದೊಡ್ಡಮ್ಮ