ಮೂರು ಕಲ್ಲಿನ ಹಿಂದಿನ ಪೆಟ್ಟಿಗೆ

ಸದಸ್ಯ ಬಾಂಧವರಿಗೆ ನಮಸ್ಕಾರಗಳು.

ಕಳೆದ ಅಕ್ಟೋಬರಿನ ಒಂದು ಭಾನುವಾರ, ನಮ್ಮ ಕನೆಕ್ಟಿಕಟ್ ರಾಜ್ಯದ ಅರಣ್ಯವೊಂದರ ಕುಸಿದ ಕಲ್ಲುಗೋಡೆಯ ಬುಡದಲ್ಲಿ, ಸಾಗರದಿಂದ ಬಂದಿದ್ದ ನನ್ನ ಅತ್ತೆಯವರು ಕುಕ್ಕುರುಗಾಲಿನಲ್ಲಿ ಕುಳಿತು, ಒಣಗಿದ ಓಕ್ ಎಲೆಗಳನ್ನು ಸರಿಸಿ, ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಹೊರತೆಗೆದರು. ಅದಕ್ಕಾಗಿ ನಾವು ಅರ್ಧ ದಿನ ಅಲೆದಿದ್ದೆವು. ಡಬ್ಬಿಯೊಳಗೆ ಒಂದು ಪುಟ್ಟ ಪುಸ್ತಕ ಮತ್ತು ಕೈಯಲ್ಲಿ ಕೊರೆದ ಒಂದು ರಬ್ಬರ್ ಮೊಹರು ಇದ್ದವು, ಅಷ್ಟೇ. ಬೆಲೆಬಾಳುವ ವಸ್ತು ಯಾವುದೂ ಇರಲಿಲ್ಲ. ಆದರೂ ಆ ಡಬ್ಬಿಯ ವಿಷಯವನ್ನೇ ಈ ಸಂಚಿಕೆಯ ಸಂಪಾದಕೀಯವಾಗಿ ಬರೆಯಬೇಕೆಂದು ಮನೆಗೆ ಮರಳುವ ದಾರಿಯಲ್ಲೇ ನಿಶ್ಚಯಿಸಿದೆ.

ಬರೆದ ಸುಳಿವನ್ನು ಹಿಡಿದು ಅಡಗಿಸಿಟ್ಟ ಪೆಟ್ಟಿಗೆಯನ್ನು ಹುಡುಕಿ, ಅದರೊಳಗಿನ ಪುಸ್ತಕದಲ್ಲಿ ತಮ್ಮ ಮೊಹರನ್ನೂ ತಮ್ಮ ಪುಸ್ತಕದಲ್ಲಿ ಪೆಟ್ಟಿಗೆಯ ಮೊಹರನ್ನೂ ಒತ್ತಿಕೊಂಡು ಬರುವ ಆಟವಿದು. ಲೆಟರ್‌ಬಾಕ್ಸಿಂಗ್ ಎಂಬ ಈ ಹವ್ಯಾಸ ಹುಟ್ಟಿದ್ದು ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಡಾರ್ಟ್‌ಮೂರ್ ಎಂಬ ಬಯಲುಗುಡ್ಡಗಳ ಸೀಮೆಯಲ್ಲಿ. ಚಾಗ್‌ಫರ್ಡ್ ಊರಿನ ಜೇಮ್ಸ್ ಪೆರಟ್ ಎಂಬ ಮಾರ್ಗದರ್ಶಿ 1854ರಲ್ಲಿ, ಸರಿಯಾದ ದಾರಿಯೇ ಇಲ್ಲದ ಜೌಗಿನ ನಡುವೆ ಇರುವ ಕ್ರಾನ್‌ಮಿಯರ್ ಪೂಲ್ ಎಂಬಲ್ಲಿ ಒಂದು ಬಾಟಲಿಯನ್ನು ಇಟ್ಟ. ಅಷ್ಟು ದೂರ ನಡೆದು ಬಂದವರು ತಮ್ಮ ಹೆಸರಿನ ಚೀಟಿಯನ್ನು ಅದರಲ್ಲಿ ಹಾಕಿ ಹೋಗುತ್ತಿದ್ದರು. ಮುಂದೆ ಜನರು ವಿಳಾಸ ಬರೆದ ಕಾಗದಗಳನ್ನೇ ಅಲ್ಲಿ ಬಿಟ್ಟುಬರತೊಡಗಿದರು. ಆಮೇಲೆ ಬಂದವರು ಅವನ್ನು ಎತ್ತಿಕೊಂಡು ಹೋಗಿ ತಮ್ಮೂರಿನ ಅಂಚೆಗೆ ಹಾಕುತ್ತಿದ್ದರು. ಗುರುತು ಪರಿಚಯ ಇಲ್ಲದವರ ಕಾಗದವನ್ನು ಹೊತ್ತು ತಲುಪಿಸುವ ಈ ಪದ್ಧತಿಯನ್ನು ಓದಿದಾಗ, ಊರಿಗೆ ಹೊರಟವರ ಕೈಯಲ್ಲಿ ಕಾಗದದ ಕಟ್ಟನ್ನೇ ಕೊಟ್ಟು, ‘ಮುಂಬಯಿಯಲ್ಲಿ ಇಳಿದ ಕೂಡಲೇ ಅಂಚೆಗೆ ಹಾಕಿಬಿಡಿ’ ಎನ್ನುತ್ತಿದ್ದ ನಮ್ಮ ಹಿರಿಯ ಸದಸ್ಯರು ನೆನಪಾದರು.

ಅಮೆರಿಕದಲ್ಲಿ ಇದು ಹರಡಿದ್ದು ಬಹಳ ತಡವಾಗಿ, 1998ರಲ್ಲಿ ಸ್ಮಿತ್‌ಸೋನಿಯನ್ ಪತ್ರಿಕೆ ಡಾರ್ಟ್‌ಮೂರಿನ ಕುರಿತು ಲೇಖನ ಪ್ರಕಟಿಸಿದ ಮೇಲೆ. ನಮ್ಮ ರಾಜ್ಯದ ಅರಣ್ಯ ವಿಭಾಗವಂತೂ ತಾನೇ ಪೆಟ್ಟಿಗೆಗಳನ್ನು ಇಟ್ಟು, ಸುಳಿವುಗಳನ್ನು ಪ್ರಕಟಿಸಿ, ಐದನ್ನು ಹುಡುಕಿದವರಿಗೆ ಮರದ ಊರುಗೋಲನ್ನು ಕೊಡುವ ಪದ್ಧತಿಯನ್ನು ತಂದಿದೆ. 2000ದಲ್ಲಿ ಆರಂಭವಾದ ಜಿಯೋಕ್ಯಾಶಿಂಗ್ ಇದರ ತಂಗಿಯಂತಿದ್ದರೂ ಅಲ್ಲಿ ದಾರಿ ತೋರಿಸುವುದು ಉಪಗ್ರಹ. ಇಲ್ಲಿ ದಾರಿ ತೋರಿಸುವುದು ಬರೆದ ಮಾತು. ನನ್ನ ಮನಸ್ಸನ್ನು ಹಿಡಿದದ್ದು ಈ ವ್ಯತ್ಯಾಸವೇ. ಒಂದು ಸಾಲನ್ನು ಅವಸರದಲ್ಲಿ ಓದಿದರೆ ಕಾಡಿನಲ್ಲಿ ಅದರ ದಂಡವನ್ನು ಕಾಲೇ ತೆರಬೇಕಾಗುತ್ತದೆ.

ನಾವು ಅದನ್ನು ತೆತ್ತೆವು. ಸುಳಿವಿನಲ್ಲಿ ಹೇಳಿದ ಬಂಡೆಯಿಂದ ಪೂರ್ವಕ್ಕೆ ನಲವತ್ತು ಹೆಜ್ಜೆ ಎಣಿಸಿ ನಿಂತಾಗ ಅಲ್ಲಿ ಜರೀಗಿಡಗಳ ಹೊರತು ಏನೂ ಇರಲಿಲ್ಲ. ಈ ಹವ್ಯಾಸದವರು ಸಾಮಾನ್ಯವಾಗಿ ಎಡಗಾಲು ಬಲಗಾಲು ಎರಡೂ ಸೇರಿದರೆ ಒಂದು ಎಂದು ಲೆಕ್ಕ ಹಾಕುತ್ತಾರೆ ಎಂಬುದು ನಮಗೆ ಹೊಳೆದದ್ದು ಮುಕ್ಕಾಲು ಗಂಟೆ ಸುತ್ತಮುತ್ತ ಕೆದಕಿದ ಮೇಲೆ. ಇಂಗ್ಲಿಷ್ ಬಾರದ ಅತ್ತೆಯವರಿಗೆ ನನ್ನ ಹತ್ತು ವರ್ಷದ ಮಗಳು ಆ ಸುಳಿವನ್ನು ಕನ್ನಡದಲ್ಲಿ ಹೇಳಬೇಕಾಗಿ ಬಂತು. ಮನೆಯಲ್ಲಿ ಎರಡು ಮಾತಿಗಿಂತ ಹೆಚ್ಚು ಕನ್ನಡ ಆಡದ ಹುಡುಗಿ, ಅಲ್ಲಿ ‘ವಾಲಿದ ಮರ’, ‘ಕವಲು’, ‘ಇಳಿಜಾರು’ ಎಂಬ ಪದಗಳನ್ನು ಅಜ್ಜಿಯಿಂದ ಕೇಳಿ ಕೇಳಿ ಪಡೆದುಕೊಂಡಳು. ಗೋಡೆಯ ಬಳಿ ಬಂದಾಗ ಅತ್ತೆಯವರು, ‘ಪುಟ್ಟೀ, ಆ ಮೂರು ಕಲ್ಲು ನೋಡು. ಕಲ್ಲು ತಾನಾಗೇ ಹಾಂಗೆ ಕೂರೂದಿಲ್ಲ’ ಎಂದರು. ಕಲ್ಲುಗಳ ಒಂದು ಮಗ್ಗುಲಲ್ಲಿ ಪಾಚಿ ಇರಲಿಲ್ಲ. ಅವನ್ನು ಯಾರೋ ಆಗಾಗ ಎತ್ತಿ ಇಡುತ್ತಿದ್ದರು.

ಮಗಳು ತನ್ನ ಮೊಹರಿಗೆ ‘ಅ’ ಅಕ್ಷರವನ್ನು ಆರಿಸಿಕೊಂಡಿದ್ದಳು. ಮೊದಲ ಸಲ ನೇರವಾಗಿ ಕೊರೆದದ್ದರಿಂದ ಕಾಗದದ ಮೇಲೆ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿ ಮೂಡಿತು. ಎರಡನೆಯ ಸಲ ಪೆನ್ಸಿಲಿನಲ್ಲಿ ಬರೆದ ಕಾಗದವನ್ನು ರಬ್ಬರಿನ ಮೇಲೆ ಮಗುಚಿ, ಚಮಚದ ಹಿಂಭಾಗದಿಂದ ಉಜ್ಜಿ, ಗುರುತು ಇಳಿಸಿಕೊಂಡು ಕೊರೆದಳು. ನಮ್ಮ ಲಿಪಿಯ ದುಂಡನ್ನು ಕೊರೆಯುವಾಗ ಉಳಿಯನ್ನು ತಿರುಗಿಸದೆ ರಬ್ಬರನ್ನೇ ತಿರುಗಿಸಬೇಕು ಎಂಬುದನ್ನು ಅವಳೇ ಕಂಡುಕೊಂಡಳು. ಕಾಡಿನ ಆ ಪುಸ್ತಕದಲ್ಲಿ ಕಪ್ಪೆ, ಮೇಪಲ್ ಎಲೆ, ಚಹದ ಕಪ್ಪು ಮುಂತಾದ ಮೊಹರುಗಳ ಕೆಳಗೆ ನೇರಳೆ ಬಣ್ಣದ ‘ಅ’ ಕುಳಿತಿತು. ಅದರ ಪಕ್ಕದಲ್ಲಿ ಅತ್ತೆಯವರು ತಮ್ಮ ಹೆಸರನ್ನೂ ಊರನ್ನೂ ಕನ್ನಡದಲ್ಲಿ ಬರೆದರು. ಪೆಟ್ಟಿಗೆ ಎಲ್ಲಿದೆ ಎಂದು ನಾನು ಇಲ್ಲಿ ಬರೆಯುವುದಿಲ್ಲ. ಸಿಕ್ಕ ಜಾಗದಲ್ಲೇ, ಸಿಕ್ಕ ಹಾಗೆಯೇ ಮುಚ್ಚಿ ಇಡುವುದೂ ಸುಮ್ಮನಿರುವುದೂ ಈ ಆಟದ ಮರ್ಯಾದೆ.

ಹೋಗುವವರಿಗೆ ಒಂದು ಎಚ್ಚರಿಕೆಯ ಮಾತು. ಉಣುಗಿನಿಂದ ಹರಡುವ ಲೈಮ್ ಕಾಯಿಲೆಗೆ ಹೆಸರು ಬಂದದ್ದೇ ನಮ್ಮ ರಾಜ್ಯದ ಲೈಮ್ ಊರಿನಿಂದ. ಸೊರಬ ತಾಲ್ಲೂಕಿನ ಕ್ಯಾಸನೂರಿನ ಹೆಸರು ಹೊತ್ತು 1957ರಲ್ಲಿ ಗುರುತಾದ, ಉಣುಗಿನಿಂದಲೇ ಹರಡುವ ಮಂಗನ ಕಾಯಿಲೆಯನ್ನು ಬಲ್ಲ ಅತ್ತೆಯವರಿಗೆ ಇದನ್ನು ವಿವರಿಸಬೇಕಾಗಲಿಲ್ಲ. ಕಾರಿನಿಂದ ಇಳಿಯುವ ಮೊದಲೇ ಎಲ್ಲರ ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಲು ಹೇಳಿದರು. ಮನೆಗೆ ಬಂದ ಮೇಲೆ ಮಂಡಿಯ ಹಿಂದೆ, ಕಂಕುಳಲ್ಲಿ, ಕೂದಲ ಬುಡದಲ್ಲಿ ನೋಡಿಕೊಳ್ಳುವುದನ್ನು ದಯವಿಟ್ಟು ಮರೆಯಬೇಡಿ.

ಬರುವ ವಸಂತದ ವನಭೋಜನದಲ್ಲಿ ನಮ್ಮ ಕೂಟದ್ದೇ ಒಂದು ಪೆಟ್ಟಿಗೆಯನ್ನು, ಉದ್ಯಾನದ ಕಚೇರಿಯ ಅನುಮತಿ ಪಡೆದು, ಆ ಒಂದು ದಿನದ ಮಟ್ಟಿಗಾದರೂ ಇಡಬೇಕೆಂದು ಕಾರ್ಯಕಾರಿ ಸಮಿತಿಯನ್ನು ಕೇಳಿದ್ದೇನೆ. ಅದರ ಸುಳಿವು ಕನ್ನಡದಲ್ಲಿ ಇರಬೇಕು ಎಂಬುದು ನನ್ನ ಹಟ. ಮೂಡಣ, ಪಡುವಣ, ಗೇಣು, ಮೊಳ, ಮಾರು, ಕೂಗಳತೆ ಎಂಬ ಪದಗಳನ್ನು ನಾವು ಮಕ್ಕಳಿಗೆ ಭಾನುವಾರದ ತರಗತಿಯಲ್ಲಿ ಬಾಯಿಪಾಠ ಮಾಡಿಸುತ್ತಿದ್ದೇವೆ. ಆದರೆ ಒಂದು ಮಗು ತನ್ನ ಮೊಳಕ್ಕೂ ಅಜ್ಜನ ಮೊಳಕ್ಕೂ ಎಷ್ಟು ಅಂತರ ಎಂದು ತಿಳಿಯುವುದು ಪೆಟ್ಟಿಗೆ ಸಿಗದೆ ನಿಂತ ಹೊತ್ತಿನಲ್ಲಿ. ಊರಿನಿಂದ ಬಂದಿರುವ ತಂದೆ ತಾಯಿಯರನ್ನು ಖಂಡಿತ ಕರೆತನ್ನಿ. ಅವರಿಲ್ಲದೆ ಈ ಸುಳಿವನ್ನು ಬಿಡಿಸಲು ಆಗದಂತೆ ಬರೆಯುವ ಆಸೆ ನನಗಿದೆ.

ಮೊಹರು ಕೊರೆಯಲು ಬೇಕಾದ ರಬ್ಬರು, ಉಳಿ, ಶಾಯಿಯ ಮೆತ್ತೆ ನನ್ನ ಬಳಿ ಇವೆ. ಮಕ್ಕಳು ತಮಗೆ ಇಷ್ಟವಾದ ಅಕ್ಷರವನ್ನು ಮೆದು ಪೆನ್ಸಿಲಿನಲ್ಲಿ ದಪ್ಪಗೆ ಬರೆದುಕೊಂಡು ಬಂದರೆ ಸಾಕು. ತಿರುಗಿಸುವ ಕೆಲಸವನ್ನು ಕಾಗದವೇ ಮಾಡಿಕೊಡುತ್ತದೆ.