ಹಳ್ಳದ ದಂಡೆಯ ಬೋರ್‌ಗಳನ್ನೂ ಒಮ್ಮೆ ಪರೀಕ್ಷೆ ಮಾಡಿ

ಸಂಪಾದಕರೇ,

ವಿಜಯಪುರದ ಹೊರಗೆ ನಮ್ಮದೊಂದು ನಿಂಬೆ ತೋಟ ಇದೆ. ಪಕ್ಕದಲ್ಲೇ ಹಳ್ಳ. ಮೊದಲು ಮಳೆಗಾಲ ಮುಗಿದರೆ ಅದರಲ್ಲಿ ಬರೀ ಜಾಲಿಗಿಡ, ಈಗ ಚರಂಡಿ ನೀರು ಶುದ್ಧ ಮಾಡುವ ಪ್ಲಾಂಟ್‌ನಿಂದ ಬಿಟ್ಟ ನೀರು ವರ್ಷವಿಡೀ ಹರಿಯುತ್ತದೆ. ಅದು ಬೇಡ ಅಂತ ನಾನು ಬರೆಯುತ್ತಿಲ್ಲ. ಬರ ಕಂಡ ಜಿಲ್ಲೆಯವರು ನಾವು, ಹರಿಯೋ ನೀರಿಗೆ ಬೇಡ ಅನ್ನೋಕಾಗುತ್ತಾ? ಬೋರಿನಲ್ಲಿ ನೀರು ಮೇಲಕ್ಕೂ ಬಂದಿದೆ.

ಆದರೆ ಹೋದ ಬೇಸಿಗೆಯಿಂದ ಆ ನೀರಲ್ಲಿ ತೊಗರಿಬೇಳೆ ಬೇಯುತ್ತಿಲ್ಲ, ಚಹಾ ಕುಡಿದರೆ ಸವಳು. ಮಗ ಟಿಡಿಎಸ್ ಮೀಟರ್ ತರಿಸಿ ಲೋಟದಲ್ಲಿ ಅದ್ದಿ ನೋಡಿದ. ಅದು ಉಪ್ಪು ಎಷ್ಟು ಕರಗಿದೆ ಅಂತಷ್ಟೇ ಹೇಳುತ್ತೆ, ಚರಂಡಿ ನೀರು, ಗೊಬ್ಬರದಿಂದ ಬರುವ ನೈಟ್ರೇಟ್ ಇದೆಯೋ ರೋಗಾಣು ಇದೆಯೋ ಅದಕ್ಕೆ ಗೊತ್ತಾಗಲ್ಲ. ಕೊನೆಗೆ ತಂಪು ಪಾನೀಯದ ಖಾಲಿ ಬಾಟಲಿಯಲ್ಲಿ ನೀರು ತುಂಬಿಕೊಂಡು ಲ್ಯಾಬ್‌ಗೆ ಹೋದೆ. ಅಲ್ಲಿಯ ಹುಡುಗಿ ಬಾಟಲಿ ಮೂಸಿ ನೋಡಿ ನಕ್ಕು, ತಾನೇ ಎರಡು ಬಾಟಲಿ ಕೊಟ್ಟು, ರೋಗಾಣು ನೋಡೋ ಬಾಟಲಿಯನ್ನು ಐಸ್‌ನಲ್ಲಿಟ್ಟು ಅದೇ ದಿನ ತಂದುಕೊಡಿ ಕಾಕಾ ಅಂದಳು. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು ಅನ್ನುತ್ತೆ ಕುಡಿಯುವ ನೀರಿನ ಮಾನದಂಡ. ನಮ್ಮದು ದಾಟಿತ್ತು. ಕುದಿಸಿದರೂ ಅದು ಹೋಗಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತೆ ಅಷ್ಟೇ. ಬಾಟಲಿ ಹಾಲು ಕುಡಿಯುವ ಕೂಸುಗಳಿಗೆ ಇದು ಅಪಾಯ. ಮನೆಯಲ್ಲಿ ಮೊಮ್ಮಗಳಿದ್ದಾಳೆ.

ರಿಪೋರ್ಟ್ ಹಿಡಿದು ಸಂಬಂಧಪಟ್ಟ ಕಚೇರಿಗೆ ಹೋದರೆ ಅವರೂ ಒಂದು ರಿಪೋರ್ಟ್ ತೆಗೆದರು. ಪ್ಲಾಂಟ್‌ನಿಂದ ಹೊರಬೀಳುವ ನೀರಿನದು, ಎಲ್ಲಾ ಸರಿ ಇದೆ. ಸರಿ ಇರಬಹುದು, ನಾನು ಕೇಳಿದ್ದು ಅದನ್ನಲ್ಲ. ಆ ನೀರು ನೆಲದೊಳಗೆ ಇಳಿದ ಮೇಲೆ ಏನಾಗುತ್ತೆ ಅಂತ ಯಾರು ನೋಡಿದ್ದಾರೆ? ನೈಟ್ರೇಟ್ ಮಣ್ಣಿಗೆ ಅಂಟಿಕೊಳ್ಳಲ್ಲ, ನೀರಿನ ಜೊತೆ ಸಾಗುತ್ತೆ. ನಮ್ಮ ಎರೆ ಭೂಮಿ ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತೆ, ಅದರ ಕೆಳಗೆ ಗರಸು, ಆಮೇಲೆ ಸೀಳುಬಿಟ್ಟ ಕರಿಕಲ್ಲು. ಆ ಸೀಳುಗಳಲ್ಲಿ ನೀರು ಎತ್ತ ಹೋಗುತ್ತೆ ಅಂತ ಮೇಲೆ ನಿಂತು ಹೇಳೋಕಾಗಲ್ಲ. ಒಂದು ಬೋರ್ ಸಿಹಿ, ಐವತ್ತು ಹೆಜ್ಜೆ ಆಚೆಯದು ಸವಳು, ಇದು ನಮ್ಮ ಕಡೆ ಎಲ್ಲರೂ ಕಂಡದ್ದೇ ಅಲ್ವಾ?

‘ನೀವು ಯೂರಿಯಾ ಹಾಕಲ್ವಾ?’ ಅಂತ ಸಾಹೇಬರು ಕೇಳಿದರು. ಹಾಕುತ್ತೇನೆ. ತಿಪ್ಪೆಗುಂಡಿಯೂ ಬೋರಿನಿಂದ ದೂರ ಏನಿಲ್ಲ. ಹಾಗಾಗಿ ತಪ್ಪು ನನ್ನದೇ ಇರಬಹುದು, ಆದರೆ ಹಳ್ಳಕ್ಕೆ ನೀರು ಬಿಡೋಕೆ ಮುಂಚೆ ಈ ಬೋರಿನ ನೀರು ಹೇಗಿತ್ತು ಅಂತ ಒಂದು ಚೀಟಿ ಇದ್ದಿದ್ದರೆ ಇಬ್ಬರೂ ಸುಮ್ನೆ ವಾದ ಮಾಡೋದೇ ಬೇಕಿರಲಿಲ್ಲ. ನಾನು ಅವರ ಮೇಲೆ ಹೊರಿಸೋಕಾಗಲ್ಲ, ಅವರು ನನ್ನ ಮೇಲೆ ಹೊರಿಸೋಕಾಗಲ್ಲ.

2018ರಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂದಾಗ ನೊರೆ ಎದ್ದು ವಿಷಯ ಹೈಕೋರ್ಟ್‌ವರೆಗೆ ಹೋಯಿತು. ನೊರೆ ಕಣ್ಣಿಗೆ ಕಂಡಿತು, ಜನ ಕೇಳಿದರು. ಬೋರಿನೊಳಗೆ ಆಗೋದು ಯಾರಿಗೂ ಕಾಣಲ್ಲ.

ನಾವು ಕೇಳೋದು ದೊಡ್ಡದೇನಲ್ಲ. ನೀರು ಬಿಡುವ ಜಾಗದಿಂದ ಮೇಲೆ, ಆ ನೀರು ತಾಕದ ಕಡೆ, ಒಂದೆರಡು ಬೋರ್ ಗುರುತು ಮಾಡಿ, ಕೆಳಗೆ ನಾಲ್ಕೈದು. ಮಳೆಗೆ ಮುಂಚೆ ಮೇ ತಿಂಗಳಲ್ಲಿ ಒಮ್ಮೆ, ಮಳೆ ಮುಗಿದ ಮೇಲೆ ನವೆಂಬರಿನಲ್ಲಿ ಒಮ್ಮೆ ನೈಟ್ರೇಟ್, ಕ್ಲೋರೈಡ್, ರೋಗಾಣು ನೋಡಿ. ಬಂದದ್ದನ್ನು ಕನ್ನಡದಲ್ಲಿ ಪಂಚಾಯಿತಿ ಗೋಡೆಗೆ ಅಂಟಿಸಿ. ಜಲ ಜೀವನ್ ಮಿಷನ್‌ನಲ್ಲಿ ಹಳ್ಳಿಗೆ ಐದು ಜನ ಹೆಂಗಸರಿಗೆ ನೀರು ಪರೀಕ್ಷೆ ಕಿಟ್ ಬಳಸೋದು ಕಲಿಸಬೇಕು ಅಂತ ಇದೆ, ಅದೇ ಕಿಟ್‌ನಿಂದ ನಡುನಡುವೆ ಈ ಬೋರ್‌ಗಳನ್ನೂ ನೋಡಬಹುದು.

ನಮ್ಮ ಬೋರಿನಿಂದಲೇ ಶುರು ಮಾಡಿ. ಮೋಟರು ಹಾಕಿ ಹತ್ತು ನಿಮಿಷ ನೀರು ಬಿಟ್ಟ ಮೇಲೆ ಬಾಟಲಿ ಹಿಡಿಯಬೇಕು, ಪೈಪಲ್ಲಿ ನಿಂತ ನೀರು ಲೆಕ್ಕಕ್ಕಿಲ್ಲ. ತ್ರೀ ಫೇಸ್ ಕರೆಂಟು ಇರೋ ಹೊತ್ತು ನೋಡಿಕೊಂಡು ಬನ್ನಿ.

— ಒಬ್ಬ ರೈತ, ವಿಜಯಪುರ ತಾಲೂಕು