ಹೊಳಪಿನ ಬಾಟಲಿಗಳ ಬಗ್ಗೆ ಪುಟ್ಟಿಗೆ

ಶಿವಮೊಗ್ಗ

ಚಿರಂಜೀವಿ ಪುಟ್ಟಿಗೆ ನಿನ್ನ ಸೋದರಮಾವನ ಅನೇಕ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ.

ನೀನು ಕಳುಹಿಸಿದ ಫೋಟೊಗಳನ್ನು ಒಂದೊಂದಾಗಿ ದೊಡ್ಡದು ಮಾಡಿ ನೋಡಿದೆ. ಹಬ್ಬದ ರಿಯಾಯಿತಿಯಲ್ಲಿ ತರಿಸಿಕೊಂಡ ಬಾಟಲಿಗಳ ಪೆಟ್ಟಿಗೆ, ಅದರ ಜೊತೆ ಬಂದ ಹಳದಿ ಬಟ್ಟೆ, ಬಾನೆಟ್ಟಿನ ಮೇಲಿನ ಬಿಳಿ ಉಂಗುರಗಳು, ಎಡಬಾಗಿಲಿನ ಗೀರು. ‘ಇಷ್ಟು ದುಡ್ಡು ಸುರಿದರೂ ಕಾರು ಮೊದಲಿಗಿಂತ ಮಂಕಾಗಿದೆ, ಯಾಕೆ ಮಾವ?’ ಎಂದು ಕೇಳಿದ್ದೀಯೆ. ಇದು ಫೋನಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲ. ಟಿಂಕರಿಂಗ್, ಪೇಂಟಿಂಗ್ ಗ್ಯಾರೇಜಿನಲ್ಲೇ ಆಯುಷ್ಯ ಕಳೆದವನು ನಾನು. ಇಂಥ ಬಾಟಲಿಗಳನ್ನು ನಂಬಿ ಬಣ್ಣ ಕೆಡಿಸಿಕೊಂಡವರು ಎಷ್ಟೋ ಜನ ನನ್ನಲ್ಲಿಗೆ ಬಂದಿದ್ದಾರೆ. ಸ್ವಂತ ಸಂಬಳದಲ್ಲಿ ಕೊಂಡ ಮೊದಲ ಕಾರಿಗೆ ನೀನು ಹಾಗೆ ಮಾಡಿಕೊಳ್ಳಬಾರದು ಎಂದು ಬರೆಯುತ್ತಿದ್ದೇನೆ.

ಮೊದಲು ಕಾರಿನ ಮೈಮೇಲೆ ಏನಿದೆ ಎಂದು ತಿಳಿದುಕೊ. ತಗಡಿಗೆ ಅಂಟಿಕೊಂಡಂತೆ ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಆಮೇಲೆ ನೀನು ಇಷ್ಟಪಟ್ಟು ಆರಿಸಿದ ನೀಲಿ, ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್. ನಾಲ್ಕೂ ಸೇರಿದರೆ ಸುಮಾರು 100ರಿಂದ 140 ಮೈಕ್ರಾನ್. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಅದರಲ್ಲಿ ಕ್ಲಿಯರ್ ಕೋಟಿನ ದಪ್ಪ ಸಾಮಾನ್ಯವಾಗಿ 40–50 ಮೈಕ್ರಾನ್ ಅಷ್ಟೇ. ಹೊಳಪೂ ಆ ಪದರದ್ದೇ, ಬಿಸಿಲಿನಿಂದ ನೀಲಿಯನ್ನು ಕಾಯುವ ಕೆಲಸವೂ ಅದರದ್ದೇ. ಒಮ್ಮೆ ಸವೆದರೆ ಅದನ್ನು ಮರಳಿ ಕೊಡುವ ಬಾಟಲಿ ಯಾವ ಅಂಗಡಿಯಲ್ಲೂ ಇಲ್ಲ. ಮತ್ತೆ ಪೇಂಟ್ ಹೊಡೆಸಬೇಕು. ಆದ್ದರಿಂದ ಹೊಳಪಿನ ಹೆಸರಿನಲ್ಲಿ ಯಾವುದನ್ನು ಮಾರಿದರೂ ಒಂದೇ ಪ್ರಶ್ನೆ ಕೇಳು: ಇದು ಉಜ್ಜಿ ತೆಗೆಯುವುದೋ, ಗೀರನ್ನು ತುಂಬುವುದೋ, ಮೇಲೆ ಮುಚ್ಚುವುದೋ? ಈ ಮೂರನ್ನು ಬಿಟ್ಟು ನಾಲ್ಕನೆಯ ವಿದ್ಯೆ ಅವುಗಳಿಗೆ ಗೊತ್ತಿಲ್ಲ.

ನಿನ್ನ ಪೆಟ್ಟಿಗೆಯಲ್ಲಿರುವ ಗೀರು ತೆಗೆಯುವ ಪೇಸ್ಟನ್ನೇ ನೋಡು. ಹಚ್ಚಿದ ದಿನ ಗೀರು ಮಾಯವಾಯಿತು, ಎರಡು ಸಲ ತೊಳೆದ ಮೇಲೆ ಮತ್ತೆ ಕಾಣಿಸಿಕೊಂಡಿತು ಎಂದಿದ್ದೀಯೆ. ಅದರಲ್ಲಿರುವ ಎಣ್ಣೆ, ಮೇಣಗಳು ಗೀರಿನೊಳಗೆ ಕೂತು ಬೆಳಕು ಚದುರದಂತೆ ಮಾಡಿದ್ದವು. ನೀರು ಸುರಿದಾಗ ಯಾವ ಹಳೆಯ ಕಾರೂ ಹೊಸದರಂತೆ ಕಾಣುವುದು ಇದೇ ಕಾರಣಕ್ಕೆ. ಶಾಂಪೂ ಅದನ್ನು ತೊಳೆದು ಹಾಕಿತು, ಗೀರು ಇದ್ದಲ್ಲೇ ಇತ್ತು. ಇನ್ನು ಕೆಲವು ಪೇಸ್ಟುಗಳಲ್ಲಿ ನಿಜವಾಗಿ ಉಜ್ಜುವ ಪುಡಿ ಇರುತ್ತದೆ, ನಮ್ಮ ಗ್ಯಾರೇಜಿನ ರಬ್ಬಿಂಗ್ ಕಾಂಪೌಂಡಿನ ಹಾಗೆ. ಅದು ಗೀರಿನ ಸುತ್ತಲಿನ ಕ್ಲಿಯರ್ ಕೋಟನ್ನೇ ಸವೆಸಿ ಗೀರಿನ ಆಳಕ್ಕೆ ಇಳಿಸುತ್ತದೆ. ಕುಡುಗೋಲು ಮಸೆದಂತೆ ಇದು: ಪ್ರತಿ ಸಲವೂ ಸ್ವಲ್ಪ ಲೋಹ ಹೋಗುತ್ತದೆ. ಐದಾರು ವರ್ಷಗಳಲ್ಲಿ ಒಂದೆರಡು ಸಲ ಕೈ ನುರಿತವರು ಮಾಡಿದರೆ ತೊಂದರೆಯಿಲ್ಲ. ಭಾನುವಾರಕ್ಕೊಮ್ಮೆ ಉಜ್ಜಿದರೆ ಬಾಗಿಲಿನ ಏಣುಗಳಲ್ಲಿ, ಬಾನೆಟ್ಟಿನ ಅಂಚಿನಲ್ಲಿ ಬಣ್ಣವೇ ಹಾರಿಹೋಗುತ್ತದೆ, ಏಕೆಂದರೆ ಅಲ್ಲಿ ಪದರ ಬೇಗ ಸವೆಯುತ್ತದೆ. ಗೀರಿನ ಮೇಲೆ ಉಗುರನ್ನು ಅಡ್ಡಲಾಗಿ ಎಳೆದು ನೋಡು. ಉಗುರು ಸಿಕ್ಕಿಕೊಂಡರೆ ಪಾಲಿಶ್‌ನಿಂದ ಅದು ಹೋಗುವುದಿಲ್ಲ. ಆ ಪರೀಕ್ಷೆಗೆ ಒಂದು ಪೈಸೆಯೂ ಖರ್ಚಿಲ್ಲ.

‘ಸೆರಾಮಿಕ್ ಸ್ಪ್ರೇ, 9ಎಚ್ ಗಟ್ಟಿತನ’ ಎಂದು ಬರೆದ ಬಾಟಲಿ ನಿನಗೆ ಎಲ್ಲಕ್ಕಿಂತ ಹೆಚ್ಚು ಬೇಸರ ತರಿಸಿದೆ. 9ಎಚ್ ಎಂದರೆ ಪೆನ್ಸಿಲ್ಲಿನ ಅಳತೆ. ಎಚ್‌ಬಿ, 2ಎಚ್ ಎಂದು ನೀನು ಶಾಲೆಯಲ್ಲಿ ಚಿತ್ರ ಬರೆಯುತ್ತಿದ್ದೆಯಲ್ಲ, ಅದೇ ಸಾಲಿನ ಗಟ್ಟಿ ತುದಿ. ಬಣ್ಣದ ಪದರದ ಮೇಲೆ ಆ ಪೆನ್ಸಿಲ್ ಒತ್ತಿ ಎಳೆದರೆ ಗೀರು ಬೀಳಲಿಲ್ಲ ಎಂಬುದಷ್ಟೇ ಅದರ ಅರ್ಥ. ಮರಳಿನ ಕಣ, ಬೀಗದ ಕೈ, ಪಕ್ಕದ ಬೈಕಿನ ಹ್ಯಾಂಡಲ್ ಯಾವುದಕ್ಕೂ ಆ ಪರೀಕ್ಷೆ ಉತ್ತರ ಕೊಡುವುದಿಲ್ಲ. ನಿಜವಾದ ಸೆರಾಮಿಕ್ ಕೋಟಿಂಗ್ ಎಂಬುದು ಇದೆ, ನಾನು ಅದನ್ನು ತೆಗಳುವುದಿಲ್ಲ. ಆದರೆ ಅದಕ್ಕೆ ಮೊದಲು ಬಣ್ಣವನ್ನು ಚೆನ್ನಾಗಿ ತೊಳೆದು, ಅಂಟಿದ ಕಣಗಳನ್ನು ಕ್ಲೇ ಎಂಬ ಜೇಡಿಮಣ್ಣಿನಂಥ ಮೆತ್ತನೆಯ ಮುದ್ದೆಯಿಂದ ಎತ್ತಿ, ಪಾಲಿಶ್ ಮಾಡಿ, ಎಣ್ಣೆಯ ಅಂಶ ಉಳಿಯದಂತೆ ಆಲ್ಕೋಹಾಲಿನಿಂದ ಒರೆಸಬೇಕು. ಹಚ್ಚಿದ ಮೇಲೆ ನೀರು ತಾಕಿಸದೆ ಗಟ್ಟಿಯಾಗಲು ಬಿಡಬೇಕು. ಕೆಲಸದ ಮುಕ್ಕಾಲು ಪಾಲು ಈ ತಯಾರಿಯದ್ದೇ. ಕೆಲವು ನೂರು ರೂಪಾಯಿಯ ಬಾಟಲಿಯನ್ನು ಧೂಳಿನ ಕಾರಿಗೆ ಚಿಮುಕಿಸಿ ಒರೆಸಿದರೆ ಕೆಲವು ವಾರ ನೀರು ಜಾರುತ್ತದೆ, ಅಷ್ಟೇ. ಆ ಕೆಲಸವನ್ನು ಬ್ರೆಜಿಲ್ಲಿನ ತಾಳೆಯ ಜಾತಿಯ ಮರದ ಎಲೆಯಿಂದ ತೆಗೆಯುವ ಕಾರ್ನೌಬಾ ಮೇಣವೂ ಮಾಡುತ್ತದೆ, ಅದೂ ಬಹುಕಾಲದಿಂದ.

ಶೋರೂಮಿನಲ್ಲಿ ಟೆಫ್ಲಾನ್ ಕೋಟಿಂಗ್ ಮಾಡಿಸಿಕೊಳ್ಳಲು ಒತ್ತಾಯಿಸಿದರು, ನೀನು ಬೇಡವೆಂದೆ ಎಂದು ನಿನ್ನ ಅಮ್ಮ ಹೇಳಿದಳು. ಸರಿಯಾದದ್ದನ್ನೇ ಮಾಡಿದ್ದೀಯೆ. ಟೆಫ್ಲಾನ್ 1938ರಲ್ಲಿ ಅಮೆರಿಕದ ಡುಪಾಂಟ್ ಪ್ರಯೋಗಾಲಯದಲ್ಲಿ ರಾಯ್ ಪ್ಲಂಕೆಟ್ ಅವರ ಕೈಗೆ ಆಕಸ್ಮಿಕವಾಗಿ ಸಿಕ್ಕ ವಸ್ತು. ಯಾವುದೂ ಅಂಟದಿರುವುದೇ ಅದರ ಗುಣ. ಅದು ಕರಗುವುದು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ. ದೋಸೆಯ ಕಾವಲಿಗೆ ಅದನ್ನು ಕೂಡಿಸಲು ಅದಕ್ಕಿಂತ ಹೆಚ್ಚಿನ ಶಾಖ ಕೊಡುತ್ತಾರೆ. ನಮ್ಮ ಪೇಂಟಿಂಗ್ ಬೂತಿನಲ್ಲಿ ಕಾರನ್ನು ಒಣಗಿಸುವುದು 60–80 ಡಿಗ್ರಿಯಲ್ಲಿ. ಅಷ್ಟು ಶಾಖದಲ್ಲಿ ಟೆಫ್ಲಾನ್ ಬಣ್ಣವನ್ನು ಹಿಡಿಯುವ ದಾರಿಯೇ ಇಲ್ಲ. ದುಬಾರಿ ಬೆಲೆಗೆ ನಿನಗೆ ಸಿಗುತ್ತಿದ್ದದ್ದು ಒಂದು ಮೇಣದ ಪಾಲಿಶ್.

ಪ್ರದರ್ಶನಗಳನ್ನು ನಂಬಬೇಡ ಎನ್ನುವುದಕ್ಕೆ ಒಂದು ಸಂಗತಿ ಹೇಳುತ್ತೇನೆ. ಪಾಲಿಶ್ ಮಾರುವ ಒಬ್ಬ ಗ್ಯಾರೇಜಿಗೆ ಬಂದು ಬಾನೆಟ್ಟಿಗೆ ತನ್ನ ಪಾಲಿಶ್ ಹಚ್ಚಿದ. ಮೇಲೆ ಸ್ವಲ್ಪ ಲೈಟರ್ ದ್ರವ ಸುರಿದು ಬೆಂಕಿ ಕೊಟ್ಟ. ಭುಗಿಲೆದ್ದು ಆರಿತು. ಬಟ್ಟೆಯಿಂದ ಒರೆಸಿದರೆ ಬಣ್ಣಕ್ಕೆ ಏನೂ ಆಗಿರಲಿಲ್ಲ. ನಮ್ಮ ಹುಡುಗರೆಲ್ಲ ಬಾಯಿ ತೆರೆದು ನಿಂತರು. ಹಿತ್ತಿಲಿನಲ್ಲಿ ಗುಜರಿಗೆ ಹಾಕಿದ್ದ ಒಂದು ಬಾನೆಟ್ಟಿತ್ತು, ವರ್ಷಗಳಿಂದ ಪಾಲಿಶ್ ಕಂಡಿರಲಿಲ್ಲ. ಅದರ ಮೇಲೂ ಹಾಗೆಯೇ ಮಾಡು ಎಂದೆ. ಫಲ ಒಂದೇ! ಉರಿಯುವುದು ದ್ರವದ ಆವಿ, ಅದೂ ಕ್ಷಣಕಾಲ. ಕೆಳಗಿನ ತಗಡು ಶಾಖವನ್ನು ಹೀರಿ ಹರಡಿಬಿಡುತ್ತದೆ. ಇದರಲ್ಲಿ ಪಾಲಿಶ್‌ನ ಪಾತ್ರವೇ ಇರಲಿಲ್ಲ. ನೀನು ಇದನ್ನು ಮನೆಯಲ್ಲಿ ಮಾಡಲು ಹೋಗಬೇಡ. ಮೊಬೈಲಿನಲ್ಲಿ ಯಾರೇ ಏನೇ ತೋರಿಸಲಿ, ಆ ವಸ್ತು ಹಚ್ಚದ ಜಾಗದಲ್ಲಿ ಏನಾಗುತ್ತಿತ್ತು ಎಂದು ತೋರಿಸಿದರೇ ಎಂದು ನೋಡು. ಹೆಚ್ಚಿನವರು ತೋರಿಸುವುದಿಲ್ಲ. ಮುಂದೆ ಏನಾದರೂ ಕೊಂಡರೆ ಬಾನೆಟ್ಟಿನ ನಡುವೆ ಟೇಪ್ ಅಂಟಿಸಿ ಒಂದು ಬದಿಗೆ ಮಾತ್ರ ಹಚ್ಚು. ಎರಡು ಮೂರು ಸಲ ತೊಳೆದ ಮೇಲೆ ಬೆಳಗಿನ ಬಿಸಿಲಿನಲ್ಲಿ ಎರಡೂ ಬದಿ ನೋಡು. ವ್ಯತ್ಯಾಸ ಕಾಣದಿದ್ದರೆ ಇನ್ನೊಂದು ಬಾಟಲಿ ಕೊಳ್ಳುವ ಅಗತ್ಯವಿಲ್ಲ.

ಇನ್ನು ಆ ಹಳದಿ ಬಟ್ಟೆ. ನಿನ್ನ ಕಾರು ಮಂಕಾಗಲು ನನ್ನ ಲೆಕ್ಕದಲ್ಲಿ ದೊಡ್ಡ ಕಾರಣ ಅದೇ. ಒಳ್ಳೆಯ ಮೈಕ್ರೋಫೈಬರ್ ಬಟ್ಟೆಯಲ್ಲಿ ಪಾಲಿಯೆಸ್ಟರ್ ಮತ್ತು ಪಾಲಿಅಮೈಡ್ ಎಳೆಗಳನ್ನು ಸೀಳಿ ಇನ್ನಷ್ಟು ಸಣ್ಣದಾಗಿ ಮಾಡಿರುತ್ತಾರೆ. ಧೂಳು ಆ ಎಳೆಗಳ ನಡುವೆ ಸೇರಿಕೊಳ್ಳುತ್ತದೆ, ಬಣ್ಣದ ಮೇಲೆ ಉರುಳುವುದಿಲ್ಲ. ಅಗ್ಗದ ಬಟ್ಟೆಗೆ ಆ ಶಕ್ತಿ ಇಲ್ಲ, ಅಂಚಿನಲ್ಲಿ ಗಟ್ಟಿ ಹೊಲಿಗೆ, ತಯಾರಕರ ಚೀಟಿ ಬೇರೆ. ಬಿಸಿಲಿನಲ್ಲಿ ಜೇಡರ ಬಲೆಯಂತೆ ಕಾಣುವ ಸುತ್ತುಗೀರುಗಳು ಬರುವುದು ಅದರಿಂದಲೇ. ಒಳ್ಳೆಯ ಬಟ್ಟೆ ಕೊಂಡರೂ ಒಣ ಕಾರನ್ನು ಒರೆಸಬೇಡ. ಬಟ್ಟೆ ನೆಲಕ್ಕೆ ಬಿದ್ದರೆ ಅದು ಅಂದಿನಿಂದ ಚಕ್ರಗಳ ಬಟ್ಟೆ. ಒಗೆಯುವಾಗ ಬಟ್ಟೆ ಮೆದುಗೊಳಿಸುವ ದ್ರವ ಹಾಕಬೇಡ, ಎಳೆಗಳು ಮುಚ್ಚಿಹೋಗುತ್ತವೆ.

ಅಪಾರ್ಟ್‌ಮೆಂಟಿನಲ್ಲಿ ಬೆಳಗ್ಗೆ ಬೆಳಗ್ಗೆ ಕಾರು ಒರೆಸುವವನ ಮೇಲೆ ನೀನು ಸಿಟ್ಟಾಗಿದ್ದೀಯೆ. ಸಿಟ್ಟಾಗಬೇಡ ಪುಟ್ಟಿ. ಒಂದು ಬಕೆಟ್ ನೀರಿನಲ್ಲಿ ಒಂದು ಸಾಲು ಕಾರುಗಳನ್ನು ಮುಗಿಸಬೇಕಾದ ಕೆಲಸ ಅವನದ್ದು, ತಿಂಗಳಿಗೆ ಸಿಗುವುದು ಎಷ್ಟು ಎಂದು ನಿನಗೇ ಗೊತ್ತು. ಎರಡು ಒಳ್ಳೆಯ ಬಟ್ಟೆ ನೀನೇ ಕೊಡು, ದಿನವೂ ಒರೆಸುವುದು ಬೇಡ, ವಾರಕ್ಕೊಮ್ಮೆ ತೊಳೆದರೆ ಸಾಕು, ಹಣ ಅಷ್ಟೇ ಕೊಡುತ್ತೇನೆ ಎಂದು ಹೇಳು. ಈ ಏರ್ಪಾಡು ನಿನ್ನ ಪೆಟ್ಟಿಗೆಯಲ್ಲಿರುವ ಎಲ್ಲ ಬಾಟಲಿಗಳಿಗಿಂತ ಹೆಚ್ಚು ಬಣ್ಣ ಉಳಿಸುತ್ತದೆ.

ಬಾನೆಟ್ಟಿನ ಬಿಳಿ ಉಂಗುರಗಳು ಕೊಳವೆಬಾವಿ ನೀರಿನವು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹನಿ ಒಣಗಿದಲ್ಲಿ ಉಳಿಯುತ್ತವೆ. ಜಾಹೀರಾತಿನಲ್ಲಿ ಮುತ್ತಿನಂತೆ ನಿಲ್ಲುವ ನೀರಿನ ಹನಿಯನ್ನು ತೋರಿಸುತ್ತಾರೆ. ನಿನ್ನ ಬೋರ್‌ವೆಲ್ ನೀರಿಗೆ ಅದೇ ತೊಂದರೆ, ಹನಿಗೊಂದು ಉಂಗುರ ಒಣಗಿ ಕೂರುತ್ತದೆ. ನೆರಳಿನಲ್ಲಿ ತೊಳೆದು, ಒಣಗುವ ಮೊದಲೇ ಒರೆಸಿಬಿಡು. ಹೊಸ ಕಲೆಗೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಒರೆಸಿ ತಕ್ಷಣ ತೊಳೆದರೆ ಹೋಗುತ್ತದೆ. ಕಾವೇರಿ ನೀರನ್ನು ಬಳಸುವ ಯೋಚನೆ ಬೇಡ. 2024ರ ಮಾರ್ಚ್‌ನಲ್ಲಿ ನೀರಿಗೆ ಹಾಹಾಕಾರ ಎದ್ದಾಗ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ದಂಡದ ಮಾತು ಬಿಡು, ಜನ ಕೊಡ ಹಿಡಿದು ಸಾಲು ನಿಂತ ಊರಿನಲ್ಲಿ ಅದು ಸಲ್ಲದ ಕೆಲಸ. ನೀರಿಲ್ಲದೆ ತೊಳೆಯುವ ಸ್ಪ್ರೇಗಳನ್ನು ಆ ದಿನಗಳಿಂದ ಜೋರಾಗಿ ಮಾರುತ್ತಿದ್ದಾರೆ. ತೆಳು ಧೂಳಿಗೆ ಅವು ಆದೀತು. ಊರಿಗೆ ಬಂದು ಕೆಮ್ಮಣ್ಣು ಮೆತ್ತಿಕೊಂಡು ಹೋದ ಕಾರಿಗೆ ಮಾತ್ರ ಬೇಡವೇ ಬೇಡ. ಮೊದಲು ಮಣ್ಣನ್ನು ನೀರಿನಿಂದ ಇಳಿಸಿ, ಆಮೇಲೆ ಎರಡು ಬಕೆಟ್ ಇಟ್ಟುಕೊ, ಒಂದು ಶಾಂಪೂ ನೀರಿಗೆ, ಇನ್ನೊಂದು ಬಟ್ಟೆ ಜಾಲಿಸಲು. ಪಾತ್ರೆ ತೊಳೆಯುವ ದ್ರವ ಹಾಕಿದರೆ ಹಚ್ಚಿದ ಮೇಣವೂ ಹೋಗುತ್ತದೆ.

ಉಳಿದ ಬಾಟಲಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟೈರಿನ ಪಾಲಿಶ್ ಹೆಚ್ಚಾದರೆ ಚಕ್ರ ತಿರುಗುವಾಗ ಬಾಗಿಲಿಗೆ ಸಿಡಿಯುತ್ತದೆ, ಅದಕ್ಕೆ ಧೂಳು ಹಿಡಿಯುತ್ತದೆ. ಟೈರಿನ ನೆಲ ತಾಕುವ ಭಾಗಕ್ಕೆ ಅದನ್ನು ಎಂದೂ ಹಚ್ಚಬೇಡ. ಡ್ಯಾಶ್‌ಬೋರ್ಡಿಗೆ ಮಿರುಗುವ ಸಿಲಿಕೋನ್ ಬಳಿದರೆ ಮಧ್ಯಾಹ್ನದ ಬಿಸಿಲಿನಲ್ಲಿ ಅದರ ಪ್ರತಿಬಿಂಬ ಮುಂದಿನ ಗಾಜಿನಲ್ಲಿ ಬಿದ್ದು ರಸ್ತೆಯೇ ಕಾಣದು. ಸ್ಟೀರಿಂಗ್, ಪೆಡಲ್‌ಗಳಿಗೆ ತಾಗಿದರೆ ಜಾರುತ್ತದೆ. ಇದು ಅಂದದ ಪ್ರಶ್ನೆಯಲ್ಲ, ಜೀವದ ಪ್ರಶ್ನೆ. ಒದ್ದೆ ಬಟ್ಟೆ ಸಾಕು. ಸೀಟು ಕೃತಕ ಚರ್ಮದ್ದು, ಅದಕ್ಕೆ ಚರ್ಮದ ಎಣ್ಣೆ ಕುಡಿಸಿ ಫಲವಿಲ್ಲ. ಹೆಡ್‌ಲೈಟಿಗೆ ಟೂತ್‌ಪೇಸ್ಟ್ ತಿಕ್ಕುವ ಉಪಾಯವನ್ನು ನಿನ್ನ ಸಹೋದ್ಯೋಗಿ ಹೇಳಿದನಂತೆ. ಅದು ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್, ಮೇಲೆ ಬಿಸಿಲು ತಡೆಯುವ ಪದರ ಇರುತ್ತದೆ. ತಿಕ್ಕಿದರೆ ಉಳಿದ ಪದರವೂ ಹೋಗಿ, ಕೆಲವೇ ತಿಂಗಳಲ್ಲಿ ಮತ್ತೆ ಹಳದಿಯಾಗುತ್ತದೆ. ಹೊಸ ಕಾರಿಗೆ ಅದರ ಚಿಂತೆಯೂ ಬೇಡ.

ಕೊಳ್ಳುವಾಗ ಬಾಟಲಿಯ ಹಿಂಬದಿ ಓದು. ತಯಾರಕರು ಅಥವಾ ಆಮದುದಾರರ ಹೆಸರು ವಿಳಾಸ, ನಿವ್ವಳ ಪ್ರಮಾಣ, ತಿಂಗಳು ವರ್ಷ, ಗರಿಷ್ಠ ಬೆಲೆ, ದೂರಿಗೆ ಸಂಪರ್ಕ, ಇವನ್ನೆಲ್ಲ 2011ರ ಪೊಟ್ಟಣ ಸರಕುಗಳ ನಿಯಮ ಕಡ್ಡಾಯ ಮಾಡಿದೆ. ಇವಿಲ್ಲದ್ದು ಎಷ್ಟೇ ಅಗ್ಗವಾದರೂ ಬೇಡ. ಈಗ ತರಿಸಿದ ಪೆಟ್ಟಿಗೆಯಲ್ಲಿ ತಯಾರಕರ ವಿಳಾಸವೇ ಇಲ್ಲ ಎಂದು ಫೋಟೊದಲ್ಲಿ ಕಂಡಿತು. ಮಾರಿದವರು ವಾಪಸು ತೆಗೆದುಕೊಳ್ಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡು. ಮೊತ್ತ ಚಿಕ್ಕದು ಎಂದು ಸುಮ್ಮನಿರಬೇಡ, ಚಿಕ್ಕ ಮೊತ್ತದ ಧೈರ್ಯದಿಂದಲೇ ಅವರು ಮಾರುತ್ತಿರುವುದು.

ಎಡಬಾಗಿಲಿನ ಗೀರು ಮಾತ್ರ ತಡಮಾಡುವ ವಿಷಯವಲ್ಲ. ಫೋಟೊದಲ್ಲಿ ಒಂದು ಕಡೆ ಬಿಳಿ ತಗಡು ಇಣುಕುತ್ತಿದೆ. ಮಳೆ ಹಿಡಿಯುವ ಮೊದಲು ಅದನ್ನು ಮುಚ್ಚಬೇಕು, ಇಲ್ಲದಿದ್ದರೆ ತುಕ್ಕು ಬಣ್ಣದ ಅಡಿಯಿಂದ ಹರಡುತ್ತದೆ. ಬಾಗಿಲಿನ ಕಂಬದಲ್ಲೋ ಎಂಜಿನ್ ಕೋಣೆಯಲ್ಲೋ ಬಣ್ಣದ ಕೋಡ್ ಬರೆದ ಚೀಟಿ ಇರುತ್ತದೆ. ಆ ಕೋಡ್ ಹೇಳಿ ಕಂಪನಿಯ ಅಂಗಡಿಯಲ್ಲೇ ಟಚ್‌ಅಪ್ ಬಣ್ಣ ತೆಗೆದುಕೊ. ಚೆನ್ನಾಗಿ ಒಣಗಿದ ಬಾಗಿಲಿಗೆ ತೆಳುವಾಗಿ ಒಂದು ಸಲ, ಅದು ಒಣಗಿದ ಮೇಲೆ ಇನ್ನೊಂದು ಸಲ ಹಚ್ಚು. ಅಲ್ಲಿಯವರೆಗೆ ಯಾವ ಪೇಸ್ಟೂ ಅದಕ್ಕೆ ತಾಕಿಸಬೇಡ. ಕೈ ನಡುಗುತ್ತದೆ ಎನ್ನಿಸಿದರೆ ಬಣ್ಣ ಕೊಂಡು ಇಟ್ಟುಕೊ; ಮುಂದಿನ ವಾರ ನಿನ್ನ ಅತ್ತೆಯ ಕಣ್ಣಿನ ತಪಾಸಣೆಗೆ ಬೆಂಗಳೂರಿಗೆ ಬರುತ್ತಿದ್ದೇವೆ, ನಾನೇ ಹಚ್ಚಿಕೊಡುತ್ತೇನೆ.

ಇಂತಿ ನಿನ್ನ ಪ್ರೀತಿಯ
ಸೋದರಮಾವ